ತೇರದಾಳದ ಫಿಯಾಟಿಗೆ ಕ್ರೋಮ್ ಹಚ್ಚಿದ್ದು

ನನ್ನ ತಮ್ಮ ಲಗಮಣ್ಣನ ಬಗ್ಗೆ ನಾನೇ ಬರೆಯುತ್ತಿದ್ದೇನೆ. ಬೇರೆಯವರು ಬರೆದರೆ ಹೊಗಳಿ ಹೊಗಳಿ ಹಾಳು ಮಾಡುತ್ತಾರೆ. ಅವನೇ ಬರೆದರಂತೂ ಕೇಳುವುದೇ ಬೇಡ, ಹೊಗಳಿಕೆ ಬಿಟ್ಟರೆ ಬೇರೇನೂ ಇರುವುದಿಲ್ಲ. ಒಂದೇ ಉಸಿರಿನಲ್ಲಿ ಬೈದು ಮೆಚ್ಚುವುದು ಅಕ್ಕನಾದವಳಿಗೆ ಮಾತ್ರ ಬರುತ್ತದೆ, ಅದಕ್ಕೇ ಈ ಕೆಲಸ ನನ್ನ ಪಾಲಿಗೆ ಬಂತು ಅಂದುಕೊಳ್ಳಿ.

ಮುಧೋಳದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ಅಂಗಡಿ ಇದೆ. ಸೀರೆಗೆ ಫಾಲ್ ಹಚ್ಚುವುದು, ಪಿಕೊ ಮಾಡುವುದು, ಸೆರಗಿಗೆ ಗೊಂಡೆ ಕಟ್ಟುವುದು ನನ್ನ ಕೆಲಸ. ಅಂಗಡಿಯ ಹಿಂದಿನ ಕೋಣೆ ಲಗಮಣ್ಣನದು. ಅಲ್ಲಿ ಅವನು ಕಾರು ಮಾಡುತ್ತಾನೆ. ಗೇಣುದ್ದದ ಕಾರು. ಅಂಬಾಸಿಡರ್, ಫಿಯಾಟ್, ಹಳೇ ಜೀಪು, ಕಬ್ಬು ಹೇರುವ ಟ್ರ್ಯಾಕ್ಟರ್, ಯಾರಿಗೆ ಯಾವ ಗಾಡಿಯ ಮೇಲೆ ಜೀವವೋ ಅದನ್ನು ಪ್ಲಾಸ್ಟಿಕ್ ಶೀಟು, ತಗಡು, ಪುಟ್ಟಿಯಲ್ಲಿ ಕಡೆದು, ಬಣ್ಣ ಹೊಡೆದು ಕೊಡುತ್ತಾನೆ. ಬಾಗಿಲು ತೆರೆಯುತ್ತದೆ, ಸ್ಟೇರಿಂಗ್ ತಿರುಗುತ್ತದೆ. ಯಾರಾದರೂ ಆಟದ ಸಾಮಾನು ಅಂದರೋ, ಮುಗಿಯಿತು. “ಆಟದ ಸಾಮಾನ ಬೇಕಾದ್ರ ಸಂತಿಗಿ ಹೋಗ್ರಿ. ಇದು ಗಾಡಿ,” ಎಂದು ಮುಖಕ್ಕೇ ಹೇಳಿಬಿಡುತ್ತಾನೆ. ಗಿರಾಕಿಯೋ ಬೀಗರೋ ನೋಡುವುದಿಲ್ಲ.

ನಮ್ಮೂರು ರನ್ನ ಬೆಳಗಲಿ. ಅಪ್ಪ ಗಿರಮಲ್ಲಪ್ಪ ಕುರಿ ಕಾಯ್ದವನು, ಬೀರೇಶ್ವರನಿಗೆ ನಡೆದುಕೊಳ್ಳುವ ಮನೆತನ. ಮಗ ಹಿಂಡಿನ ಹಿಂದೆ ಬರುತ್ತಾನೆ ಎಂದು ಅಪ್ಪ ನೋಡಿದ್ದೇ ಬಂತು. ಇವನು ಲೋಕಾಪುರಕ್ಕೆ ಹೋಗಿ, ಲಾರಿಗಳ ನೆಗ್ಗು ತೆಗೆದು ಬಣ್ಣ ಹೊಡೆಯುವ ಶೆಡ್ಡು ಸೇರಿದ. ಒಬ್ಬ ಡ್ರೈವರ್ ತನ್ನ ಲಾರಿಯನ್ನು ಮಾರುವ ಮುಂಚೆ ನೆನಪಿಗೊಂದು ಸಣ್ಣದು ಮಾಡಿಕೊಡು ಅಂದನಂತೆ. ಮಾಡಿಕೊಟ್ಟ. ಆ ಡ್ರೈವರ್ ಅದನ್ನು ಎದೆಗವಚಿಕೊಂಡು ಕಣ್ಣೊರೆಸಿಕೊಂಡಿದ್ದನ್ನು ನೋಡಿ ಇವನ ತಲೆ ಕೆಟ್ಟಿತು. ಮರುವಾರವೇ ಶೆಡ್ಡು ಬಿಟ್ಟು, ನನ್ನ ಹಿಂದಿನ ಕೋಣೆಯಲ್ಲಿದ್ದ ಸೀರೆ ಗಂಟುಗಳನ್ನೆಲ್ಲ ಅಟ್ಟಕ್ಕೆ ಏರಿಸಿ, ತನ್ನ ಮೇಜು ಹಾಕಿಕೊಂಡ. ಅಪ್ಪಣೆ ಕೇಳುವ ಚಟ ಅವನಿಗೆ ಹುಟ್ಟಿನಿಂದಲೇ ಇಲ್ಲ.

ಕಾರಿನ ಮೈಗೆ ಬಣ್ಣ ಹೊಡೆಯುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಕಷ್ಟವೆಲ್ಲ ಕ್ರೋಮಿನದು. ಹಳೇ ಕಾರುಗಳಿಗೆ ಬಂಪರು, ಜಾಲರಿ, ದೀಪದ ಬಳೆ, ಕಿಟಕಿಯ ಸುತ್ತಿನ ಅಂಚು, ಪಕ್ಕೆಯ ಉದ್ದಕ್ಕೂ ಓಡುವ ಪಟ್ಟಿ, ಎಲ್ಲವೂ ಕನ್ನಡಿಯ ಹಾಗೆ ಹೊಳೆಯುತ್ತಿದ್ದವಲ್ಲ, ಅದು. ನಾನು ಒಮ್ಮೆ, “ಬೆಳ್ಳಿ ಬಣ್ಣದ ಡಬ್ಬಿ ಸಿಗತೈತಿ, ಬಳದು ಬಿಡೋ ಮಾರಾಯಾ,” ಅಂದಿದ್ದಕ್ಕೆ ಪಾಠವೇ ಶುರುವಾಯಿತು.

“ಅಕ್ಕಾ, ಬೆಳ್ಳಿ ಬಣ್ಣ ಬಳದ್ರ ಅದು ಬೂದಿ ಬಳದಂಗ ಕಾಣತೈತಿ. ಕ್ರೋಮಿಗಿ ತನ್ನ ಬಣ್ಣ ಅಂತ ಇಲ್ಲ. ಮ್ಯಾಲಿನ ಅರ್ಧದಾಗ ಮುಗಲ ಕಾಣತೈತಿ, ಕೆಳಗಿನ ಅರ್ಧದಾಗ ರಸ್ತಾ. ನಡುವ ಒಂದ ಕರೀ ಗೆರಿ. ಆ ಕರೀ ಗೆರಿ ಬಂದ್ರ ಕ್ರೋಮ್, ಇಲ್ಲಂದ್ರ ತಗಡು.”

ಅದಕ್ಕೇ ಅವನು ಕ್ರೋಮ್ ಬರಬೇಕಾದ ಜಾಗಕ್ಕೆ ಮೊದಲು ಮಿರಮಿರ ಕಪ್ಪು ಹೊಡೆಯುತ್ತಾನೆ. ಕಪ್ಪು ಒಣಗಿ ಗಾಜಿನಂತಾದ ಮೇಲೆ ಅದರ ಮೇಲೆ ಹೊಳಪು. ಆ ಹೊಳಪು ಯಾವುದರಿಂದ ಎಂಬುದೇ ವರ್ಷಗಟ್ಟಲೆ ಅವನ ತಲೆ ತಿಂದದ್ದು. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಅಂಟಿಸಿದ, ಅದು ದಪ್ಪ, ಗೇಣುದ್ದದ ಕಾರಿನ ಮೇಲೆ ಸೂರಿನ ಪತ್ರಾಸು ಹೊದಿಸಿದಂತೆ ಅಂಚು ಎದ್ದು ಕಾಣುತ್ತಿತ್ತು. ಗುಳಿಗೆಯ ಪಟ್ಟಿಯ ಹಾಳೆ ನೋಡಿದ, ಅದೂ ಅಷ್ಟೇ.

ಉತ್ತರ ಸಿಕ್ಕಿದ್ದು ಬಾಡಗಂಡಿಯಲ್ಲಿ, ಅದೂ ಕನ್ಯೆ ನೋಡಲು ಹೋದಾಗ. ಹುಡುಗಿ ತಟ್ಟೆಯಲ್ಲಿ ಪೇಢೆ ತಂದಿಟ್ಟಳು, ಮೇಲೆ ಬೆಳ್ಳಿಯ ಹಾಳೆ, ವರಖು. ಈ ಮಹಾಶಯ ಹುಡುಗಿಯ ಮುಖ ನೋಡಲೇ ಇಲ್ಲ. ಪೇಢೆಯ ಮೇಲಿನ ವರಖನ್ನು ಬೆರಳತುದಿಯಲ್ಲಿ ಎಬ್ಬಿಸಿ, ಹೆಬ್ಬೆರಳ ಉಗುರಿಗೆ ಅಂಟಿಸಿ, ಉಜ್ಜಿ, ಬೆಳಕಿಗೆ ಹಿಡಿದು ಕೂತ. ಉಸಿರು ತಾಗಿದರೆ ಹರಿಯುವಷ್ಟು ತೆಳು, ಅಂಚೇ ಇಲ್ಲ, ಉಗುರಿನ ಗೆರೆಗಳು ಕೂಡ ಮೇಲೆ ಮೂಡಿ ಕಾಣುತ್ತಿದ್ದವು. “ಆಹಾ! ಸಿಕ್ತು ನೋಡಕ್ಕಾ!” ಎಂದು ಎಲ್ಲರ ಮುಂದೆ ಕೂಗಿದ. ಹುಡುಗಿಯ ಅಪ್ಪ ತಮ್ಮ ಮಗಳ ಬಗ್ಗೆಯೇ ಹೇಳಿದ ಅಂದುಕೊಂಡು ಹಿಗ್ಗಿದರು, ಪಾಪ. ಹುಡುಗಿಗೆ ಮಾತ್ರ ನಿಜ ಗೊತ್ತಾಗಿತ್ತು. ಆ ಸಂಬಂಧ ಆಗಲಿಲ್ಲ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು.

ಆಮೇಲೆ ವಿಜಯಪುರದ ಒಬ್ಬ ಮುದುಕ ವ್ಯಾಪಾರಿಯಿಂದ ಕೈಯಲ್ಲಿ ಬಡಿದ ವರಖು ತರಿಸತೊಡಗಿದ. ಮೆಷಿನ್ನಿನದು ಇದರಷ್ಟು ನಯ ಬರುವುದಿಲ್ಲ ಅನ್ನುವುದು ಅವನ ಹಟ. ಅದನ್ನು ಅಂಟಿಸುವಾಗ ಕೋಣೆಯ ಫ್ಯಾನು ಬಂದ್, ಕಿಟಕಿ ಬಂದ್, ನನ್ನ ಬಾಯಿಯೂ ಬಂದ್. ಏಪ್ರಿಲ್ ಬಿಸಿಲಿನಲ್ಲಿ ಬೆವರು ಸುರಿಸುತ್ತ ಉಸಿರು ಹಿಡಿದು ಕೂರುತ್ತಿದ್ದ. ಅಂಟು ಅರ್ಧ ಆರಿದಾಗ ಮೆತ್ತನೆಯ ಬ್ರಷ್ಷಿನಿಂದ ವರಖು ಇಳಿಸಿ, ಹತ್ತಿಯಿಂದ ಉಜ್ಜಿದರೆ, ನಿಜ ಹೇಳುತ್ತೇನೆ, ಬಂಪರಿನಲ್ಲಿ ನನ್ನ ಮೂಗುತಿ ಕಾಣುತ್ತಿತ್ತು. ಬೈಯಬೇಕು ಅಂದುಕೊಂಡು ಹೋದವಳು ಸುಮ್ಮನೆ ನೋಡುತ್ತ ನಿಂತುಬಿಡುತ್ತಿದ್ದೆ.

ಹೀಗಿರುವಾಗ ತೇರದಾಳದಿಂದ ಸನ್ಮತಿ ಎಂಬವರು ಬಂದರು. ಜೈನರು, ಅರಿಸಿನ ವ್ಯಾಪಾರ, ನಲವತ್ತು ದಾಟಿದ ಗಂಭೀರ ಮನುಷ್ಯ. ಮೊಬೈಲಿನಲ್ಲಿ ಒಂದು ಹಳೇ ಫೋಟೋ ತೋರಿಸಿದರು. ಬಿಳೀ ಫಿಯಾಟ್ ಕಾರು, ಸ್ಟೇರಿಂಗ್ ಹಿಡಿದು ಕೂತ ಹೆಣ್ಣುಮಗಳು, ತಲೆಯ ಮೇಲೆ ಸೆರಗು.

“ನಮ್ಮ ತಾಯಿ ಬಾಳವ್ವ,” ಅಂದರು. “ಅಪ್ಪಾರಿಗಿ ಗಾಡಿ ಹೊಡಿಯಾಕ ಬರತಿರಲಿಲ್ಲ. ಅವ್ವನ ಕಲತು ಹೊಡದಾಳ. ತೇರದಾಳದಾಗ ಕಾರ ಹೊಡದ ಹೆಂಗಸು ಆಗ ಆಕೀ ಒಬ್ಬಾಕೀನ. ನಮ್ಮ ಓಣ್ಯಾಗ ಎಷ್ಟೋ ಮಂದಿ ಬಾಣಂತ್ಯಾರನ ಜಮಖಂಡಿ ದವಾಖಾನಿಗಿ ಅದರಾಗ ಮುಟ್ಟಿಸ್ಯಾಳ.”

ಲಗಮಣ್ಣ ಫೋಟೋ ದೊಡ್ಡದು ಮಾಡಿ ಬಂಪರು ನೋಡತೊಡಗಿದ್ದ. ನಾನೇ ಕೇಳಿದೆ: “ಗಾಡಿ ಈಗ ಎಲ್ಲಿ ಐತ್ರಿ?”

ಅವರು ತಲೆ ತಗ್ಗಿಸಿದರು. ಕಾರು ವರ್ಷಗಳಿಂದ ನಿಂತಲ್ಲೇ ನಿಂತು ತುಕ್ಕು ಹಿಡಿಯುತ್ತಿತ್ತು. ಅರಿಸಿನದ ಚೀಲಕ್ಕೆ ಜಾಗ ಬೇಕಿತ್ತು. ಹೋದ ವರ್ಷ ತಾಯಿ ಕುಂಭೋಜಕ್ಕೆ ಬಾಹುಬಲಿಯ ದರ್ಶನಕ್ಕೆ ಹೋಗಿದ್ದಾಗ ಗುಜರಿಯವನನ್ನು ಕರೆದು ಕೊಟ್ಟುಬಿಟ್ಟರು. ತಾಯಿ ಬಂದು ನೋಡಿದರೆ ನೆಲದ ಮೇಲೆ ಎಣ್ಣೆಯ ಕಲೆ ಅಷ್ಟೇ. ಅಳಲಿಲ್ಲ, ಬೈಯಲಿಲ್ಲ. ಅಂದಿನಿಂದ ಮಗನ ಜೊತೆ ಮಾತು ನಿಲ್ಲಿಸಿದರು. ಹೇಳಬೇಕಾದ್ದನ್ನೆಲ್ಲ ಸೊಸೆ ತ್ರಿಶಲಾಳ ಮೂಲಕ ಹೇಳಿಸುತ್ತಾರೆ. ಮಗ ಎದುರಿಗೇ ಕೂತಿದ್ದರೂ “ಅವಗ ಉಣ್ಣಾಕ ಹೇಳು” ಅಂತ ಸೊಸೆಗೆ ಹೇಳುತ್ತಾರೆ.

“ಬೈದಿದ್ರ ಛಲೋ ಇತ್ತರಿ,” ಅಂದರು ಸನ್ಮತಿ. “ಒಂದ ಮಾತ ಬೇಕ್ರಿ ನನಗ. ಎಂಥಾದರ ಇರ್ಲಿ.”

ನನಗೆ ಅವರ ಮೇಲೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು. ಕೇಳದೆ ಮಾರುವವರನ್ನು ಕಂಡರೆ ನನಗಾಗದು. ಆದರೆ ಅಷ್ಟು ದೊಡ್ಡ ಮನುಷ್ಯ ಸೀರೆ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ಕಣ್ಣು ತುಂಬಿಕೊಂಡರೆ ಏನು ಮಾಡುವುದು? ಲಗಮಣ್ಣ ಮಾತ್ರ ಫೋಟೋದಿಂದ ತಲೆ ಎತ್ತದೆ, “ಗಾಡಿ ನಾ ತಂದ ಕೊಡ್ತೇನಿ, ಮಾತ ನೀವ ಆಡಸ್ಕೋರಿ,” ಅಂದ.

ಅವನು ಹೀಗೆ ಮಾತಾಡಿದರೆ ಕೆಲಸ ಆಯಿತು ಅಂತಲೇ ಲೆಕ್ಕ. ಆದದ್ದೂ ಹಾಗೆ. ಬಿಳೀ ಮೈ, ಕೆಂಪು ಸೀಟು, ಹಿಂದಿನ ಗಾಜಿನ ಹತ್ತಿರ ಹೆಣೆದ ಕುಶನ್ನು (ಅದನ್ನು ಹೆಣೆದವಳು ನಾನು, ಎಲ್ಲೂ ಹೇಳುವುದಿಲ್ಲ ಅವನು). ಕ್ರೋಮ್ ಅಂತೂ ಅವನ ಜೀವಮಾನದ ಕೆಲಸ. ಜಾಲರಿಯ ಒಂದೊಂದು ಕಡ್ಡಿಗೂ ವರಖು, ದೀಪದ ಬಳೆಗೂ ವರಖು. ಆ ಕರೀ ಗೆರೆ ಪಕ್ಕೆಯ ಪಟ್ಟಿಯ ಉದ್ದಕ್ಕೂ ಬಂದಿತ್ತು. ಹತ್ತಿ ಹಾಸಿದ ಸ್ಟೀಲ್ ಡಬ್ಬಿಯಲ್ಲಿ ಅದನ್ನಿಟ್ಟು, ಎದೆಗವಚಿಕೊಂಡು ಇಬ್ಬರೂ ಬಸ್ ಹತ್ತಿದೆವು. ಮಹಾಲಿಂಗಪುರ ದಾಟುವವರೆಗೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ಕುಂಟಿತು. ಬಸ್ಸು ಕುಲುಕಿದಾಗಲೆಲ್ಲ ಇವನು ಡ್ರೈವರನಿಗೆ ಬೈದ.

ಬಾಳವ್ವ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ತೆಳ್ಳನೆಯ ಜೀವ, ಕಣ್ಣು ಮಾತ್ರ ಚುರುಕು. ಸನ್ಮತಿ ಬಾಗಿಲಲ್ಲೇ ನಿಂತರು. ಲಗಮಣ್ಣ ಡಬ್ಬಿಯಿಂದ ಕಾರು ತೆಗೆದು ಅವರ ಮುಂದಿನ ಮಣೆಯ ಮೇಲಿಟ್ಟ. ಬಾಳವ್ವ ಬಾಯಿಗೆ ಕೈ ಇಟ್ಟುಕೊಂಡರು. ಆಮೇಲೆ ಒಂದು ಬೆರಳಿನಿಂದ ಪಕ್ಕೆಯ ಪಟ್ಟಿ ಸವರಿದರು, ಬಾಗಿಲು ತೆರೆದರು, ಮುಚ್ಚಿದರು, ಮತ್ತೆ ತೆರೆದರು. “ತ್ರಿಶಲಾ, ನೋಡ ಬಾ, ನನ್ನ ಗಾಡಿ!” ಅಂದರು. ಬಾಗಿಲಲ್ಲಿದ್ದ ಸನ್ಮತಿ ಒಂದು ಹೆಜ್ಜೆ ಒಳಗೆ ಬಂದರು. ಇನ್ನೇನು ಮಾತು ಬಂತು, ಬಂದೇಬಿಟ್ಟಿತು ಅಂದುಕೊಂಡೆ ನಾನು.

“ಹೊಳಪ ಹೆಂಗ ತಂದ್ಯೋ ತಮ್ಮಾ?” ಎಂದು ಬಾಳವ್ವ ಕೇಳಿದರು.

ಅಷ್ಟು ಕೇಳಿದ್ದೇ ತಡ, ನಮ್ಮವನು ಎದೆ ಉಬ್ಬಿಸಿದ. “ಆಯೀ, ಇದು ಖರೆ ಬೆಳ್ಳಿ. ವರಖು. ಮೆಷಿನ್ನಿಂದಲ್ಲ ಮತ್ತ, ಕೈಲೆ ಬಡದದ್ದು!”

ಬಾಳವ್ವ ಕೈ ಹಿಂದಕ್ಕೆ ಎಳೆದುಕೊಂಡರು. ನಾವಿಬ್ಬರೂ ಏನೂ ತಿಳಿಯದೆ ಪೆಕರರ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೊನೆಗೆ ತ್ರಿಶಲಾ ಮೆಲ್ಲಗೆ ಹೇಳಿದಳು: “ಕೈಲೆ ಬಡಿಯೂ ವರಖ ದನದ ಚರ್ಮದ ಹಾಳಿ ನಡುವ ಇಟ್ಟ ಬಡೀತಾರ್ರಿ. ನಮ್ಮ ಮಂದಿ ಅದನ್ನ ಮುಟ್ಟಂಗಿಲ್ಲ. ವರಖ ಹಚ್ಚಿದ ಪೇಢೆನೂ ನಮ್ಮ ಮನ್ಯಾಗ ಬರಂಗಿಲ್ಲ.”

ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ ಕಂಬಳಿ, ತೊಗಲು, ಡೊಳ್ಳಿನ ನಡುವೆ ಬೆಳೆದ ನಮಗೆ ಇದು ಹೊಳೆದೀತು ಹೇಗೆ? ಲಗಮಣ್ಣನ ಮುಖ ಸುಣ್ಣದಂತಾಯಿತು. ಬಾಳವ್ವ ಎದ್ದು ಕೈ ತೊಳೆಯಲು ಹೊರಟರು. ಹೋಗುವಾಗ ಸೊಸೆಗೆ, “ಅವಗ ಹೇಳು, ಗಾಡಿ ಕೊಡೂ ಮುಂದೂ ಕೇಳಲಿಲ್ಲ, ಗಾಡಿ ತರೂ ಮುಂದೂ ಕೇಳಲಿಲ್ಲ ಅಂತ,” ಅಂದರು. ಸನ್ಮತಿ ಅಲ್ಲೇ ಕಂಬ ಹಿಡಿದು ನಿಂತರು. ಅವರನ್ನು ನೋಡಲಾಗದೆ ನಾನು ಕಾರನ್ನು ಡಬ್ಬಿಗೆ ಹಾಕಿದೆ.

ತಿರುಗಿ ಬರುವ ಬಸ್ಸಿನಲ್ಲಿ ಬೈಯೋಣ ಅಂದರೆ ಬೈಗುಳವೇ ಬರಲಿಲ್ಲ. ಬನಹಟ್ಟಿ ಬಂದಾಗ ಅವನೇ ಬಾಯಿ ಬಿಟ್ಟ.

“ನನ್ನ ಕೈ ತಪ್ಪಿಲ್ಲಕ್ಕಾ. ಸಾಮಾನ ತಪ್ಪೇತಿ. ಸಾಮಾನ ಬದಲಿ ಮಾಡ್ತೇನಿ.”

“ಎಲ್ಲಾ ಕಿತ್ತ ಹಾಕಬೇಕಲ್ಲೋ! ಅಷ್ಟ ಛಂದ ಬಂದಿತ್ತು.”

“ಕಿತ್ತ ಹಾಕೂದ. ಇದಕಿಂತ ಛಂದ ಮಾಡ್ತೇನಿ. ನೀ ಸುಮ್ಮ ಕೂಡು.”

ಸುಮ್ಮನೆ ಕೂರುವವಳೇ ನಾನು? ಕಿಟಕಿಯ ಹೊರಗೆ ಪವರ್‌ಲೂಮಿನ ಸದ್ದು ಕೇಳುತ್ತಿತ್ತು. ಸೀರೆಯ ಕಾಯಕದವಳು, ನನ್ನ ತಲೆ ಅತ್ತಲೇ ಓಡಿತು. ಅವನ ರಟ್ಟೆ ಹಿಡಿದು ಬಸ್ಸಿನಿಂದ ಇಳಿಸಿದೆ. ನನಗೆ ಜರಿ ಕೊಡುವವರ ಅಂಗಡಿ ಅಲ್ಲೇ ಹತ್ತಿರ. ಈಗಿನ ಜರಿ ಬೆಳ್ಳಿಯದಲ್ಲ, ರೇಷ್ಮೆಯದೂ ಅಲ್ಲ, ಹೊಳಪು ಏರಿಸಿದ ಪ್ಲಾಸ್ಟಿಕ್. ನೂಲಿಗೆ ಸುತ್ತುವ ಮುಂಚೆ ಅದು ಕೂದಲಿನಷ್ಟು ಸಪೂರ, ಚಪ್ಪಟೆ ಪಟ್ಟಿಯಾಗಿ ಉರುಳೆಯಲ್ಲಿ ಇರುತ್ತದೆ. ಒಂದು ಉರುಳೆ ಅವನ ಕೈಗಿಟ್ಟೆ. ಲಗಮಣ್ಣ ಒಂದು ಎಳೆ ಬಿಚ್ಚಿ ಹೆಬ್ಬೆರಳಿನ ಉಗುರಿನ ಮೇಲೆ ಎಳೆದು ನೋಡಿದ. ಹತ್ತು ಉರುಳೆ ಬೇಕು ಅಂದ, ಅಷ್ಟೇ. ತನ್ನನ್ನು ಬಿಟ್ಟು ಬೇರೆ ಯಾರನ್ನೂ ಹೊಗಳಲು ಅವನಿಗೆ ಬರುವುದಿಲ್ಲ ಅಂತ ಮೊದಲೇ ಹೇಳಿದ್ದೇನಲ್ಲ.

ಅವನು ವರಖನ್ನು ಕೆರೆದು ತೆಗೆದದ್ದಷ್ಟೇ ಅಲ್ಲ, ವರಖು ತಾಗಿದ ಒಂದೊಂದು ಭಾಗವನ್ನೂ ಕಿತ್ತೆಸೆದು ಹೊಸದು ಮಾಡಿದ. ವರಖಿಗೆ ಬಳಸಿದ ಬ್ರಷ್ಷುಗಳನ್ನೂ ಎಸೆದ. ಕಿಟಕಿಯ ಅಂಚಿಗೆ, ಪಕ್ಕೆಯ ಪಟ್ಟಿಗೆ, ಜಾಲರಿಗೆ ಜರಿಯ ಎಳೆ ಕೂರಿಸಿದ. ಜರಿ ಸಾಲದ ಅಗಲವಾದ ಕಡೆ, ಅಂದರೆ ಬಂಪರಿಗೆ, ದೀಪದ ಬಳೆಗೆ, ಗಾಜಿನಂಥ ಕಪ್ಪಿನ ಮೇಲೆ ಅಲ್ಯೂಮಿನಿಯಂ ಪುಡಿಯನ್ನು ಬೆರಳಿನಿಂದ ತಿಕ್ಕಿ ತಿಕ್ಕಿ ಹೊಳಪು ಏರಿಸಿದ. ಅಂಟಿನ ಡಬ್ಬಿಯ ಮೇಲೆ ಬರೆದದ್ದನ್ನೆಲ್ಲ ನನ್ನಿಂದ ಓದಿಸಿದ, ಅದರಲ್ಲಿ ಪ್ರಾಣಿಯದು ಏನೂ ಇರಬಾರದಲ್ಲ. ಆದರೆ ಹಿಂದಿನ ಬಂಪರನ್ನು ಮಾತ್ರ ಕಾರಿಗೆ ಜೋಡಿಸದೆ ಬರೀ ತಗಡಿನ ಪಟ್ಟಿಯಾಗಿಯೇ ಬಿಟ್ಟ. ಯಾಕೋ ಅಂದೆ.

“ಮೊದಲ ಸಲ ಅಂದಾಜಿನ ಮ್ಯಾಲ ಮಾಡಿದ್ದೆ. ಫೋಟೋದಾಗ ಹಿಂದಿಂದು ಕಾಣಂಗಿಲ್ಲ. ಈ ಸಲ ಗಾಡಿ ಹೊಡದಾಕೀನ್ನ ಕೇಳಿ ಮಾಡ್ತೇನಿ.”

ಕೇಳುವ ಬುದ್ಧಿ ಕಡೆಗೂ ಬಂತಲ್ಲ ಎಂದು ನನಗೆ ಖುಷಿಯಾಯಿತು. ಅವನ ಮುಂದೆ ತೋರಿಸಿಕೊಳ್ಳಲಿಲ್ಲ.

ಎರಡನೇ ಸಲ ಹೋದಾಗ ಲಗಮಣ್ಣ ಕಾರನ್ನು ಡಬ್ಬಿಯಿಂದ ತೆಗೆಯಲೇ ಇಲ್ಲ. ಮೊದಲು ಜರಿಯ ಉರುಳೆ, ಪುಡಿಯ ಡಬ್ಬಿ, ಅಂಟಿನ ಡಬ್ಬಿ ಮೂರನ್ನೂ ಬಾಳವ್ವನ ಮುಂದಿಟ್ಟು, ಯಾವುದರಿಂದ ಏನು ಮಾಡಿದೆ ಎಂದು ಹೇಳಿ, “ಒಪ್ಪಿಗಿ ಇದ್ರ ತಗೀತೇನ್ರಿ ಆಯೀ. ಇಲ್ಲಂದ್ರ ಇನ್ನೊಮ್ಮಿ ಮಾಡ್ತೇನಿ,” ಅಂದ. ಬಾಳವ್ವ ಜರಿಯ ಎಳೆಯನ್ನು ಬೆರಳಿಗೆ ಸುತ್ತಿ ನೋಡಿ, “ತಗಿ,” ಅಂದರು.

ಕಾರು ಹೊರಗೆ ಬಂದಾಗ ಅವರು ಈ ಸಲ ಬಾಯಿಗೆ ಕೈ ಇಟ್ಟುಕೊಳ್ಳಲಿಲ್ಲ. ಸುಮ್ಮನೆ ಎತ್ತಿಕೊಂಡು ತೊಡೆಯ ಮೇಲೆ ಇಟ್ಟುಕೊಂಡರು. ತ್ರಿಶಲಾ ನನ್ನ ಕೈ ಹಿಡಿದುಕೊಂಡಳು. ಸನ್ಮತಿ ಬಾಗಿಲಲ್ಲೇ ನಿಂತಿದ್ದರು. ಅಂದಿನ ಹಾಗೆ ಹೆಜ್ಜೆ ಮುಂದಿಡುವ ಧೈರ್ಯವೂ ಅವರಿಗೆ ಉಳಿದಿರಲಿಲ್ಲ. ಬಾಳವ್ವ ಅತ್ತ ನೋಡಲೇ ಇಲ್ಲ. ಕಾರು ಒಪ್ಪಿದರೂ ಮಾತು ಬರಲಿಲ್ಲವಲ್ಲ ಅಂದುಕೊಂಡೆ.

ಲಗಮಣ್ಣ ಜೇಬಿನಿಂದ ತಗಡಿನ ಪಟ್ಟಿ ತೆಗೆದ. “ಹಿಂದಿನ ಬಂಪರ ಒಂದ ಉಳದೈತ್ರಿ. ಅದು ಹೆಂಗಿತ್ತು? ನೆಟ್ಟಗ ಇತ್ತೋ, ಎಲ್ಲೆರ ಬಡದಿತ್ತೋ?”

ಬಾಳವ್ವ ಬಾಯಿ ತೆರೆಯುವ ಮುಂಚೆ ಸನ್ಮತಿ ಬಾಗಿಲಿಂದಲೇ, “ನೆಟ್ಟಗ ಇತ್ತರಿ. ಏನೂ ಆಗಿರಲಿಲ್ಲ,” ಅಂದರು.

ಬಾಳವ್ವ ಗಕ್ಕನೆ ತಲೆ ಎತ್ತಿದರು.

“ನೆಟ್ಟಗ ಇತ್ತ? ಯಾವ ಬಾಯಿಲೆ ಹೇಳ್ತಿಯೋ ಸನ್ಮತಿ! ಸಾಲಿ ಕಲಿಯೂ ಮುಂದ ನಾ ಬಸದಿಗಿ ಹೋದಾಗ ಕದ್ದ ಗಾಡಿ ತಗದು, ಹಿಂದ ಹಿಂದ ಬಿಟ್ಟು ಬಾವೀ ಕಟ್ಟಿಗಿ ಬಡದಿಲ್ಲೇನು? ಎತ್ತು ಹಾಯಿತು ಅಂತ ಹೇಳಿದಿ ನನಗ. ಎತ್ತು ಎಲ್ಲೆರ ಬಂಪರಿಗಿ ಹಾಯ್ತದೇನೋ ಮೂಳಾ?”

ಸನ್ಮತಿಯ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು.

“ನಿನಗ ಗೊತ್ತಿತ್ತೇನವ್ವಾ?”

“ಗೊತ್ತಿಲ್ಲದ ಏನು? ಎಡಕಿನ ಮೂಲಿ ಒಳಗ ಹೋಗಿತ್ತು. ದಿನಾ ಒರಸಾಕಿ ನಾ ಇದ್ದೆ. ರಿಪೇರಿ ಮಾಡಸಬ್ಯಾಡ್ರಿ, ಹಂಗ ಇರ್ಲಿ ಅಂತ ನಿಮ್ಮಪ್ಪಗ ನಾನ ಹೇಳಿದ್ದೆ. ನನ್ನ ಮಗ ಮೊದಲ ಸಲ ಗಾಡಿ ಹೊಡದ ಗುರತು ಅಂತ ಇಟಗೊಂಡಿದ್ದೆ.” ಅವರು ಬೆರಳಿನಿಂದ ಕಾರಿನ ಹಿಂಬದಿ ಮುಟ್ಟಿದರು. “ಅದನ್ನೂ ಗುಜರಿಗಿ ಕೊಟ್ಟಿ. ಕೊಡೂ ಮುಂದ ಒಂದ ಮಾತ ಕೇಳಬೇಕಿತ್ತಿಲ್ಲೋ?”

ಸನ್ಮತಿ ಬಂದು ತಾಯಿಯ ಮುಂದೆ ನೆಲದ ಮೇಲೆ ಕುಸಿದು ಕೂತರು. “ತಪ್ಪಾತ ಯವ್ವಾ,” ಅಂದರು. ಅಷ್ಟೇ ಅಂದರು. ತ್ರಿಶಲಾ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನನ್ನ ಕಣ್ಣಲ್ಲೂ ನೀರು ಬಂತು, ಯಾಕೆ ಸುಳ್ಳು ಹೇಳಲಿ.

ಬಾಳವ್ವ ಕಣ್ಣೊರೆಸಿಕೊಂಡು ಲಗಮಣ್ಣನತ್ತ ಕೈ ಚಾಚಿದರು. ಅವನು ತಗಡಿನ ಪಟ್ಟಿಯನ್ನೂ ಸಣ್ಣ ಇಕ್ಕಳವನ್ನೂ ಕೊಟ್ಟ. ತಾನು ಮಾಡಿದ್ದನ್ನು ಇನ್ನೊಬ್ಬರಿಗೆ ಮುಟ್ಟಲೂ ಬಿಡದ ನನ್ನ ತಮ್ಮ ತಾನಾಗಿಯೇ ಕೊಟ್ಟ. ಅವರು ಅವೆರಡನ್ನೂ ಮಗನ ಕೈಯಲ್ಲಿಟ್ಟರು.

“ಹಿಡಿ. ಅವತ್ತ ಬಗ್ಗಿಸಿದಾಂವ ನೀನ, ಇವತ್ತೂ ನೀನ ಬಗ್ಗಸು.”

ಸನ್ಮತಿ ಇಕ್ಕಳದಿಂದ ಎಡಗಡೆಯ ಮೂಲೆ ಹಿಡಿದರು. ಇಕ್ಕಳ ಜಾರಿತು. ಬಾಳವ್ವ ಮುಂದಕ್ಕೆ ಸರಿದು ಮಗನ ಮಣಿಕಟ್ಟು ಹಿಡಿದುಕೊಂಡರು.

“ಇನ್ನ ಸ್ವಲ್ಪ ಒಳಗ,” ಅಂದರು. “ಇನ್ನ ಸ್ವಲ್ಪ. ನೀ ಜೋರಾಗೇ ಬಡದಿದ್ದಿ.”